ಅಡುಗೆಮನೆಯಿಂದಲೂ ನಿವೃತ್ತಿ: ಹಿರಿಯರ ವಸತಿ ಸಮುಚ್ಚಯದಲ್ಲಿ ಮೂರು ವರ್ಷ

2022ರ ಜೂನ್ ತಿಂಗಳಲ್ಲಿ ನಾವಿಬ್ಬರೂ ರಾಜಾಜಿನಗರದ ಸ್ವಂತ ಮನೆಯನ್ನು ಬಾಡಿಗೆಗೆ ಕೊಟ್ಟು, ಬೆಂಗಳೂರಿನ ಹೊರವಲಯದಲ್ಲಿರುವ ಹಿರಿಯರ ವಸತಿ ಸಮುಚ್ಚಯವೊಂದಕ್ಕೆ ಬಂದು ಸೇರಿದೆವು. ಆಗ ನಮ್ಮ ಯಜಮಾನರಿಗೆ 76 ವರ್ಷ, ನನಗೆ 70. ಹೊರಡುವ ಮೊದಲು ಇಂಥ ಜಾಗಗಳ ಬಗ್ಗೆ, ಅಲ್ಲಿಯೇ ಇದ್ದವರು ಕನ್ನಡದಲ್ಲಿ ಬರೆದದ್ದು ಏನಾದರೂ ಸಿಗುತ್ತದೆಯೇ ಎಂದು ಬಹಳ ಹುಡುಕಿದ್ದೆ. ಸಿಕ್ಕಿದ್ದೆಲ್ಲ ಹಸಿರು ಹುಲ್ಲುಹಾಸಿನ ಮೇಲೆ ನಗುತ್ತಾ ನಿಂತ ದಂಪತಿಯ ಜಾಹೀರಾತುಗಳು, ಇಲ್ಲವೇ ಹೆತ್ತವರನ್ನು ಹೊರಗೆ ಹಾಕಿದ ಮಕ್ಕಳ ಕಥೆಗಳು. ನಮ್ಮಂಥವರ ಪರಿಸ್ಥಿತಿ ಇವೆರಡರಲ್ಲಿ ಯಾವುದೂ ಆಗಿರಲಿಲ್ಲ. ಮೂರು ವರ್ಷ ಇದ್ದು ನೋಡಿದ ಮೇಲೆ, ಇದೇ ಯೋಚನೆಯಲ್ಲಿರುವ ಬೇರೆಯವರಿಗೆ ಉಪಯೋಗವಾಗಲಿ ಎಂದು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಸಮುಚ್ಚಯದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ನಾನಿನ್ನೂ ಅಲ್ಲಿಯೇ ಇರುವವಳು. ಹೊಗಳಿದರೆ ಪ್ರಚಾರವಾಗುತ್ತದೆ, ಕೊರತೆ ಹೇಳಿದರೆ ಬೆಳಗಾದರೆ ಮುಖ ನೋಡಬೇಕಾದ ಸಿಬ್ಬಂದಿಯ ಮನಸ್ಸಿಗೆ ನೋವಾಗುತ್ತದೆ. ಅಲ್ಲದೆ ಸೇರುವ ಮೊದಲು ನಾವು ಬೆಂಗಳೂರು ಮತ್ತು ಮೈಸೂರಿನಲ್ಲಿ ಇಂಥ ಐದು ಜಾಗಗಳನ್ನು ನೋಡಿ ಬಂದಿದ್ದೆವು. ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಕಟ್ಟಡದ ಅಂದಚೆಂದದಲ್ಲಿಯೇ ಹೆಚ್ಚು; ವ್ಯವಸ್ಥೆ ಬಹುಮಟ್ಟಿಗೆ ಒಂದೇ ರೀತಿಯದು.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಾವು ಮನೆ ಬಿಡುವ ವಾರ, ಎದುರುಮನೆಯವರು ಗೇಟಿನ ಬಳಿ ನಿಲ್ಲಿಸಿ, ದನಿ ತಗ್ಗಿಸಿ, "ಏನ್ರೀ ಮೇಡಂ, ವೃದ್ಧಾಶ್ರಮಕ್ಕೆ ಹೋಗ್ತಿದ್ದೀರಂತೆ? ಮಕ್ಕಳು ಒಪ್ಪಿದರಾ?" ಎಂದು ಕೇಳಿದರು. ಅವರ ಕಳಕಳಿ ನಿಜವಾದದ್ದೇ. ಆದರೆ ವೃದ್ಧಾಶ್ರಮ ಬೇರೆ, ಇದು ಬೇರೆ. ಪೋಷಕರ ಮತ್ತು ಹಿರಿಯ ನಾಗರಿಕರ ನಿರ್ವಹಣೆ ಮತ್ತು ಕಲ್ಯಾಣಕ್ಕೆಂದು 2007ರಲ್ಲಿ ಬಂದ ಕಾಯ್ದೆಯಲ್ಲಿ, ದಿಕ್ಕಿಲ್ಲದ ಬಡ ಹಿರಿಯರಿಗಾಗಿ ಜಿಲ್ಲೆಗೊಂದರಂತೆ, ಕನಿಷ್ಠ 150 ಜನ ಇರಬಹುದಾದ ವೃದ್ಧಾಶ್ರಮಗಳನ್ನು ರಾಜ್ಯ ಸರ್ಕಾರಗಳು ಹಂತಹಂತವಾಗಿ ಸ್ಥಾಪಿಸಬಹುದು ಎಂದು ಹೇಳಿದೆ. ಅದು ಆಶ್ರಯ. ನಾವು ಬಂದಿರುವುದು, ನಮ್ಮದೇ ಹಣದಲ್ಲಿ, ನಮ್ಮದೇ ಬೀಗದ ಕೈ ಇರುವ ಮನೆಯಲ್ಲಿ, ಅಡುಗೆ, ಶುಚಿ, ಶುಶ್ರೂಷೆಗಳನ್ನು ಸೇವೆಯಾಗಿ ಪಡೆದುಕೊಂಡು ಸ್ವತಂತ್ರವಾಗಿ ಬದುಕುವ ವ್ಯವಸ್ಥೆಗೆ. ಈ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಮಂದಿ, ಜನ ಏನೆಂದುಕೊಳ್ಳುತ್ತಾರೋ ಎಂಬ ಅಂಜಿಕೆಯಿಂದಲೇ, ಬರಬೇಕಾದ ವಯಸ್ಸಿನಲ್ಲಿ ಬರದೆ, ಹಾಸಿಗೆ ಹಿಡಿದ ಮೇಲೆ ಬರುತ್ತಾರೆ. ಅಷ್ಟು ಹೊತ್ತಿಗೆ ಇಲ್ಲಿನ ಅರ್ಧ ಅನುಕೂಲಗಳು ಅವರಿಗೆ ದಕ್ಕುವುದಿಲ್ಲ.

ರಾಜಾಜಿನಗರದ ನಮ್ಮ ಮನೆಯನ್ನು 1986ರಲ್ಲಿ ಕಟ್ಟಿಸಿದ್ದು. ಕೆಳಗೆ ಬಾಡಿಗೆಯವರು, ಮೇಲೆ ನಾವು. ನಲವತ್ತರ ವಯಸ್ಸಿನಲ್ಲಿ ಹದಿನೇಳು ಮೆಟ್ಟಿಲುಗಳು ಲೆಕ್ಕಕ್ಕೇ ಬರಲಿಲ್ಲ. ಎಪ್ಪತ್ತರ ಹೊತ್ತಿಗೆ, ಕೆಳಗಿಳಿದು ಕೊತ್ತಂಬರಿ ಸೊಪ್ಪು ತರುವುದೋ ಬೇಡವೋ ಎಂಬುದನ್ನೂ ಆ ಮೆಟ್ಟಿಲುಗಳೇ ತೀರ್ಮಾನಿಸತೊಡಗಿದವು. ಅಡುಗೆಯವರು ಬಂದರೆ ಮನೆಗೆಲಸದವರು ಬರುತ್ತಿರಲಿಲ್ಲ. ಸಂಪಿನಲ್ಲಿ ನೀರಿದ್ದ ದಿನ ಮೋಟಾರು ಕೆಟ್ಟಿರುತ್ತಿತ್ತು. ಇವೆಲ್ಲವನ್ನೂ ಸಹಿಸಿಕೊಂಡು ಹೋಗುತ್ತಿದ್ದೆವೋ ಏನೋ. ಆದರೆ 2021ರ ಅಕ್ಟೋಬರಿನಲ್ಲಿ, ಒಂದು ರಾತ್ರಿ ಎರಡೂವರೆ ಗಂಟೆಗೆ, ಯಜಮಾನರು ಬಚ್ಚಲುಮನೆಯಲ್ಲಿ ಕಾಲು ಜಾರಿ ಬಿದ್ದರು. ಒಳಗಿನಿಂದ ಚಿಲಕ ಹಾಕಿಕೊಂಡಿದ್ದರು. ಬಾಗಿಲು ಒಳಕ್ಕೆ ತೆರೆಯುವಂಥದ್ದು, ಅವರು ಬಿದ್ದಿದ್ದೂ ಆ ಬಾಗಿಲಿಗೆ ಅಡ್ಡವಾಗಿ. ಕೆಳಗಿನ ಮನೆಯ ಹುಡುಗ ಬಂದು ಚಿಲಕ ಮುರಿದು, ಬಾಗಿಲನ್ನು ಇಂಚಿಂಚಾಗಿ ತಳ್ಳಿ ಒಳಗೆ ಹೋಗುವಷ್ಟರಲ್ಲಿ ನಲವತ್ತು ನಿಮಿಷ ಕಳೆದಿತ್ತು. ಮೂಳೆ ಮುರಿದಿರಲಿಲ್ಲ, ಅದು ನಮ್ಮ ಪುಣ್ಯ. ಆದರೆ ಬಾಗಿಲಿನ ಈಚೆ ನಿಂತು "ಏನಾಯಿತು, ಮಾತಾಡಿ" ಎಂದು ಕೂಗಿದ ಆ ನಲವತ್ತು ನಿಮಿಷ ನನ್ನನ್ನು ಈಗಲೂ ಬಿಟ್ಟಿಲ್ಲ.

ಆದ್ದರಿಂದಲೇ ಯಾವ ಸಮುಚ್ಚಯಕ್ಕೆ ಹೋದರೂ ನಾನು ಮೊದಲು ನೋಡುತ್ತಿದ್ದದ್ದು ಬಚ್ಚಲುಮನೆಯನ್ನು. ಈಗಿರುವ ಮನೆಯ ಬಚ್ಚಲು ಹೇಗಿದೆ ಎಂದು ವಿವರವಾಗಿಯೇ ಹೇಳುತ್ತೇನೆ. ಬಾಗಿಲು ಹೊರಕ್ಕೆ ತೆರೆಯುತ್ತದೆ. ಒಳಗಿನ ಚಿಲಕವನ್ನು ಹೊರಗಿನಿಂದ ಒಂದು ನಾಣ್ಯವನ್ನು ಸೀಳಿಗೆ ಇಟ್ಟು ತಿರುಗಿಸಿದರೂ ತೆಗೆಯಬಹುದು. ಹೊಸ್ತಿಲಿಲ್ಲ; ಗಾಲಿಕುರ್ಚಿ ಸಲೀಸಾಗಿ ಒಳಗೆ ಹೋಗುವಷ್ಟು ಬಾಗಿಲು ಅಗಲವಾಗಿದೆ. ನೆಲದ ಟೈಲ್ಸ್ ಒರಟು, ಸೋಪಿನ ನೀರು ಬಿದ್ದರೂ ಕಾಲು ಹಿಡಿದು ನಿಲ್ಲುತ್ತದೆ. ಕಮೋಡಿನ ಎರಡೂ ಬದಿಗೆ ಮತ್ತು ಷವರ್ ಕೆಳಗೆ ಗೋಡೆಗೆ ಬಿಗಿದ ಸ್ಟೀಲ್ ಕಂಬಿಗಳಿವೆ. ಇವೆಲ್ಲಕ್ಕಿಂತ ನನಗೆ ಮುಖ್ಯವೆನಿಸಿದ್ದು ಕೆಂಪು ಹಗ್ಗ. ತುರ್ತು ಕರೆಯ ಗುಂಡಿಯನ್ನು ನಿಂತವರ ಎತ್ತರಕ್ಕೆ ಇಟ್ಟರೆ ಬಿದ್ದವರಿಗೆ ಅದು ಎಟಕುವುದಿಲ್ಲ. ಇಲ್ಲಿ ಗುಂಡಿಯಿಂದ ಒಂದು ಕೆಂಪು ಹಗ್ಗವನ್ನು ನೆಲಕ್ಕೆ ಒಂದು ಗೇಣು ಉಳಿಯುವಷ್ಟು ಉದ್ದಕ್ಕೆ ಇಳಿಬಿಟ್ಟಿದ್ದಾರೆ. ನಾವು ನೋಡಿದ ಐದರಲ್ಲಿ ಎರಡು ಕಡೆ, ನೆಲ ಒರೆಸುವಾಗ ತೊಡಕಾಗುತ್ತದೆ ಎಂದು ಅದನ್ನು ಮೇಲಕ್ಕೆ ಸುತ್ತಿ ಕಟ್ಟಿದ್ದರು. ಹೋದಾಗ ಇದನ್ನು ತಪ್ಪದೆ ಗಮನಿಸಿ. ಆ ಹಗ್ಗ ಕಟ್ಟಿಹಾಕಿರುವ ಜಾಗದಲ್ಲಿ ಉಳಿದ ಮಾತುಗಳನ್ನೂ ನಾನು ಅಷ್ಟಾಗಿ ನಂಬುವುದಿಲ್ಲ.

ಕಳೆದ ವರ್ಷ ಮಾಘ ಮಾಸದ ಒಂದು ಬೆಳಗಿನ ಜಾವ ಆ ಹಗ್ಗ ಎಳೆಯಬೇಕಾಯಿತು. ಯಜಮಾನರಿಗೆ ಸಕ್ಕರೆ ಕಾಯಿಲೆ ಇದೆ. ಹಿಂದಿನ ರಾತ್ರಿ ಊಟ ಸರಿಯಾಗಿ ಮಾಡಿರಲಿಲ್ಲ, ಮಾತ್ರೆ ಮಾತ್ರ ತೆಗೆದುಕೊಂಡಿದ್ದರು. ಬಚ್ಚಲಿನಲ್ಲಿ ಮೈಯೆಲ್ಲ ಬೆವರಿ, ಕಂಬಿ ಹಿಡಿದು ಕೂತುಬಿಟ್ಟರು. ನಾನು ಹಗ್ಗ ಎಳೆದು, ಗೋಡೆಯ ಗಡಿಯಾರ ನೋಡಿದೆ. ಮೂರು ನಿಮಿಷ ಮುಗಿಯುವ ಮೊದಲೇ ನರ್ಸ್ ಬಂದಿದ್ದಳು, ಅವಳ ಹಿಂದೆಯೇ ಗಾಲಿಕುರ್ಚಿ ತಳ್ಳಿಕೊಂಡು ಸೆಕ್ಯುರಿಟಿಯವನು. ಬೆರಳು ಚುಚ್ಚಿ ನೋಡಿದರೆ ಸಕ್ಕರೆ 54. ಗ್ಲೂಕೋಸ್ ನೀರು ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಅದು ನೂರರ ಹತ್ತಿರ ಬಂದ ಮೇಲೆಯೇ ಅವಳು ಎದ್ದಳು. ಹೋಗುವಾಗ ನನ್ನ ಕಡೆ ತಿರುಗಿ, "ಅಮ್ಮ, ನೀವೂ ಸ್ವಲ್ಪ ಕಾಫಿ ಕುಡೀರಿ, ಕೈ ನಡುಗ್ತಿದೆ" ಎಂದಳು. ಆಸ್ಪತ್ರೆಗೆ ಹೋಗುವ ಪ್ರಮೇಯವೇ ಬರಲಿಲ್ಲ. ಇಂಥ ಕಡೆ ವೈದ್ಯಕೀಯ ಸೌಲಭ್ಯ ಎಂದರೆ ದೊಡ್ಡ ಯಂತ್ರಗಳೋ ಶಸ್ತ್ರಚಿಕಿತ್ಸೆಯೋ ಅಲ್ಲ. ಸಣ್ಣದು ದೊಡ್ಡದಾಗುವ ಮೊದಲು ಒಬ್ಬರು ಬಂದು ಮುಟ್ಟಿ ನೋಡುವುದು. ಹಗಲಿರುಳೂ ಒಬ್ಬ ನರ್ಸ್ ಇರುತ್ತಾರೆ, ವಾರಕ್ಕೆ ಮೂರು ದಿನ ವೈದ್ಯರು ಬರುತ್ತಾರೆ, ಆಂಬುಲೆನ್ಸ್ ಒಳಗೇ ನಿಂತಿರುತ್ತದೆ.

ಇನ್ನು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದಾದ ಅನುಕೂಲದ ವಿಚಾರ. ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಶಿಕ್ಷಕಿಯಾಗಿದ್ದ ನಾನು 2012ರಲ್ಲಿ ನಿವೃತ್ತಳಾದೆ. ಬೀಳ್ಕೊಡುಗೆಯಲ್ಲಿ ಶಾಲು ಹೊದಿಸಿ, ಹಾರ ಹಾಕಿ, "ಇನ್ನು ಮೇಡಂ ಆರಾಮಾಗಿ ಇರಬಹುದು" ಎಂದು ಎಲ್ಲರೂ ಹೇಳಿದರು. ಮರುದಿನ ಬೆಳಿಗ್ಗೆ ಐದೂವರೆಗೆ ಎದ್ದು ಎಂದಿನಂತೆ ಡಿಕಾಕ್ಷನ್ ಹಾಕಿದೆ, ತರಕಾರಿ ಹೆಚ್ಚಿದೆ, ಕುಕ್ಕರ್ ಇಟ್ಟೆ. 1975ರಲ್ಲಿ ಮದುವೆಯಾಗಿ ಬಂದಂದಿನಿಂದ ಹಿಡಿದ ಸೌಟನ್ನು ಕೆಳಗಿಡಲು ಯಾವ ಸರ್ಕಾರದ ಆದೇಶವೂ ಬರುವುದಿಲ್ಲ. ಅಡುಗೆಯವರನ್ನು ಇಟ್ಟುಕೊಂಡರೂ, ಇವತ್ತೇನು ಮಾಡುವುದು ಎಂಬ ಯೋಚನೆ ಹೆಂಗಸಿನ ತಲೆಯಿಂದ ಇಳಿಯುವುದಿಲ್ಲ. ನಮ್ಮ ಮನೆಗಳಲ್ಲಿ ನಿವೃತ್ತಿ ಎಂಬುದು ಗಂಡಸರಿಗೆ ಮಾತ್ರ ಆಗುವ ಸಂಗತಿ. ಅವರು ಮನೆಯಲ್ಲೇ ಉಳಿಯುವುದರಿಂದ ಹೆಂಗಸರಿಗೆ ಹನ್ನೊಂದು ಗಂಟೆಯ ಇನ್ನೊಂದು ಕಾಫಿಯ ಕೆಲಸ ಹೆಚ್ಚಾಗುತ್ತದೆ.

ಇಲ್ಲಿಗೆ ಬಂದ ಮೂರನೆಯ ದಿನವೋ ನಾಲ್ಕನೆಯ ದಿನವೋ, ಬಾಲ್ಕನಿಯಲ್ಲಿ ಕೂತು ಪತ್ರಿಕೆ ಓದುತ್ತಿದ್ದೆ. ಹನ್ನೆರಡೂವರೆಗೆ ಊಟದ ಮನೆಯ ಗಂಟೆ ಕೇಳಿಸಿತು. ಕೈಲಿದ್ದ ಪತ್ರಿಕೆಯ ಎರಡನೆಯ ಪುಟ ಅರ್ಧ ಓದಿದ್ದೆ. ಅಷ್ಟು ಹೊತ್ತಿನವರೆಗೆ ಒಂದು ಸಲವೂ ಎದ್ದಿರಲಿಲ್ಲ. ಒಲೆಯ ಮೇಲೆ ಏನೂ ಇಲ್ಲ, ನೆನೆಹಾಕಬೇಕಾದದ್ದು ಏನೂ ಇಲ್ಲ, ಸಂಜೆಗೆ ಹಾಲು ಇದೆಯೇ ಎಂದು ನೋಡಬೇಕಾಗಿಲ್ಲ. ಹಾಗೇ ಸುಮ್ಮನೆ ಕೂತಿದ್ದೆ. ಕಣ್ಣು ತುಂಬಿ ಬಂತು. ಇಲ್ಲಿ ಇರುವ ಹೆಂಗಸರಲ್ಲಿ ಯಾರನ್ನು ಕೇಳಿದರೂ ಇಂಥದೇ ಒಂದು ಮಧ್ಯಾಹ್ನದ ನೆನಪು ಹೇಳುತ್ತಾರೆ. ಮಕ್ಕಳು ತಂದೆತಾಯಿಗಳಿಗಾಗಿ ಜಾಗ ನೋಡಲು ಬಂದಾಗ ಅಪ್ಪನ ಆರೋಗ್ಯ, ಅಪ್ಪನ ವಾಕಿಂಗ್, ಅಪ್ಪನ ಗ್ರಂಥಾಲಯದ ಬಗ್ಗೆ ಕೇಳುತ್ತಾರೆ. ಅಮ್ಮನಿಗೆ ಇಲ್ಲಿ ಏನು ಸಿಗುತ್ತದೆ ಎಂದು ಕೇಳಿದವರು ಕಡಿಮೆ. ಕೇಳಿದರೆ ನಾನು ಹೇಳುವ ಉತ್ತರ ಇದೇ.

ಹಾಗೆಂದು ಊಟದ ಬಗ್ಗೆ ದೂರಿಲ್ಲವೆಂದಲ್ಲ. ಹಿರಿಯರ ಆರೋಗ್ಯದ ದೃಷ್ಟಿಯಿಂದ ಉಪ್ಪು, ಎಣ್ಣೆ, ಖಾರ ಮೂರನ್ನೂ ತಗ್ಗಿಸಿ ಮಾಡುತ್ತಾರೆ. ಬೇಕಾದವರು ಮೇಲೆ ಹಾಕಿಕೊಳ್ಳಬಹುದು. ಆದರೆ ಉಪ್ಪನ್ನು ಮೇಲೆ ಉದುರಿಸಿಕೊಂಡ ಹುಳಿಗೂ ಕುದಿಯುವಾಗ ಉಪ್ಪು ಹಿಡಿದ ಹುಳಿಗೂ ಇರುವ ಅಂತರ ನಾಲಿಗೆಗೆ ಗೊತ್ತು. ಮೊದಲ ವರ್ಷ ಎಂಟು ದಿನಕ್ಕೊಮ್ಮೆ ಅದೇ ಪಟ್ಟಿ ಮರುಕಳಿಸುತ್ತಿತ್ತು, ಸಾರಿಗೂ ಸಾಂಬಾರಿಗೂ ಬೇಳೆಯ ಪ್ರಮಾಣ ಬಿಟ್ಟರೆ ಬೇರೆ ವ್ಯತ್ಯಾಸವಿರುತ್ತಿರಲಿಲ್ಲ. ನಿವಾಸಿಗಳೇ ಆರು ಜನರ ಊಟದ ಸಮಿತಿ ಮಾಡಿಕೊಂಡು, ಅಡುಗೆ ಭಟ್ಟರ ಜೊತೆ ತಿಂಗಳಿಗೊಮ್ಮೆ ಕೂತು ಮಾತನಾಡಲು ಆರಂಭಿಸಿದ ಮೇಲೆ ಬಹಳ ಸುಧಾರಿಸಿದೆ. ಈಗ ಬುಧವಾರ ರಾಗಿಮುದ್ದೆ, ಬಸ್ಸಾರು. ಭಾನುವಾರ ಬೆಳಿಗ್ಗೆ ಅಕ್ಕಿರೊಟ್ಟಿ. ಏಕಾದಶಿ, ಸಂಕಷ್ಟಿ ಹಿಡಿಯುವವರಿಗೆ ಬೇರೆ ಫಲಾಹಾರ. ಹಲ್ಲಿಲ್ಲದವರಿಗೆ ಅದೇ ಪಲ್ಯವನ್ನು ಇನ್ನಷ್ಟು ಬೇಯಿಸಿ, ಹಿಸುಕಿ ಕೊಡುತ್ತಾರೆ. ಅವರಿಗೆ ಬೇರೆ ಏನೋ ಗಂಜಿ ಕೊಟ್ಟು ಕೂರಿಸುವುದಿಲ್ಲ ಎಂಬುದು ನನಗೆ ತುಂಬ ಹಿಡಿಸಿದ ಸಂಗತಿ. ಸಸ್ಯಾಹಾರ ಮಾತ್ರ, ಮಾಂಸಾಹಾರ ಬೇಕೆನ್ನುವವರು ತಮ್ಮ ಮನೆಯ ಚಿಕ್ಕ ಅಡುಗೆಕಟ್ಟೆಯಲ್ಲಿ ಮಾಡಿಕೊಳ್ಳಲೂ ಇಲ್ಲಿ ಅವಕಾಶವಿಲ್ಲ. ಇದು ಸರಿಯಲ್ಲವೆಂದು ನನ್ನ ಅಭಿಪ್ರಾಯ, ಸಭೆಯಲ್ಲಿ ಹೇಳಿಯೂ ಇದ್ದೇನೆ. ಜೀವಮಾನವೆಲ್ಲ ಭಾನುವಾರ ಕೋಳಿಸಾರು ಉಂಡವರಿಗೆ ಎಪ್ಪತ್ತರ ಮೇಲೆ ಅದನ್ನು ಬಿಡಿ ಎನ್ನುವುದು ದೊಡ್ಡ ಮಾತು. ನಿಮಗೆ ಅದು ಮುಖ್ಯವಾಗಿದ್ದರೆ ಸೇರುವ ಮೊದಲೇ ಕೇಳಿಕೊಳ್ಳಿ.

ಸಮವಯಸ್ಕರ ಒಡನಾಟದಿಂದ ಒಂಟಿತನ ದೂರವಾಗುತ್ತದೆ ಎಂದು ಎಲ್ಲ ಜಾಹೀರಾತುಗಳೂ ಹೇಳುತ್ತವೆ. ಅದು ಹೇಗೆ ಎಂದು ಇಲ್ಲಿಗೆ ಬಂದ ಮೇಲೆ ಅರ್ಥವಾಯಿತು. ಯಜಮಾನರಿಗೆ ಎಡಗಿವಿ ಕೇಳಿಸುವುದು ಕಡಿಮೆ. ಮನೆಗೆ ನೆಂಟರು ಬಂದಾಗ, ಎರಡನೆಯ ಸಲ "ಏನು?" ಎಂದು ಕೇಳಲು ಸಂಕೋಚಪಟ್ಟು ಅವರು ಮಾತನಾಡುವುದನ್ನೇ ಬಿಡುತ್ತಾ ಬಂದಿದ್ದರು. ಇಲ್ಲಿ ಮೇಜಿನ ಸುತ್ತ ಕೂತ ಆರು ಜನರಲ್ಲಿ ನಾಲ್ವರಿಗೆ ಅದೇ ತೊಂದರೆ. ಎಲ್ಲರೂ ಜೋರಾಗಿ, ನಿಧಾನವಾಗಿ, ಎದುರಿಗೆ ಮುಖ ಮಾಡಿ ಮಾತನಾಡುತ್ತಾರೆ, ಮತ್ತೆ ಕೇಳಿದರೆ ಮತ್ತೆ ಹೇಳುತ್ತಾರೆ. ಆರು ತಿಂಗಳಲ್ಲಿ ಅವರ ಮಾತು ಮರಳಿ ಬಂತು. ಬ್ಯಾಂಕಿನ ಕೆಲಸದ ಕಾಲದ ಕಥೆಗಳನ್ನು, ನಾನು ನಲವತ್ತು ವರ್ಷದಲ್ಲಿ ಕೇಳದಿದ್ದವನ್ನೂ, ಈಗ ಊಟದ ಮೇಜಿನಲ್ಲಿ ಕೇಳುತ್ತಿದ್ದೇನೆ.

ನವೆಂಬರ್ ಬಂದರೆ ನಮ್ಮಂಥ ಪಿಂಚಣಿದಾರರು ಜೀವನ ಪ್ರಮಾಣಪತ್ರ ಕೊಡಬೇಕು. ಮೊದಲು ಅದಕ್ಕಾಗಿ ಬ್ಯಾಂಕಿನ ಮುಂದೆ ಸಾಲು ನಿಲ್ಲುತ್ತಿದ್ದೆವು. ಈಗ ಕಚೇರಿಯವರು ಒಂದು ದಿನ ಗೊತ್ತುಮಾಡಿ, ಸಭಾಂಗಣದಲ್ಲೇ ಎಲ್ಲರದ್ದನ್ನೂ ಡಿಜಿಟಲ್ ಆಗಿ ಮಾಡಿಸಿಬಿಡುತ್ತಾರೆ. ಬೆರಳಚ್ಚು ಸವೆದು ಯಂತ್ರಕ್ಕೆ ಹತ್ತದವರಿಗೆ ಮುಖ ತೋರಿಸಿದರೆ ಸಾಕು. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಕಳೆದ ವರ್ಷ ಒಂಬತ್ತು ಜನ ಹೆಂಗಸರು ಬಿಎಂಟಿಸಿ ಬಸ್ಸಿನಲ್ಲಿಯೇ ಹೋಗಿಬಂದೆವು. 2023ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ಹಣವಿಲ್ಲ, ಬಸ್ ನಿಲ್ದಾಣ ಗೇಟಿನ ಎದುರಿಗೇ ಇದೆ. ಒಬ್ಬಳೇ ಆಗಿದ್ದರೆ ಆ ಜನಜಂಗುಳಿಗೆ ಹೋಗುವ ಧೈರ್ಯ ನನಗೆ ಬರುತ್ತಿರಲಿಲ್ಲ. ಮನೆಯಲ್ಲಿ ಇದ್ದಾಗ ಹತ್ತು ನಿಮಿಷದ ದಾರಿಯಲ್ಲಿದ್ದ ಹಬ್ಬಗಳಿಗೂ ಹೋಗಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು.

ಭಾಷೆಯ ವಿಚಾರದಲ್ಲಿ ಒಂದು ಎಚ್ಚರಿಕೆ. ಬೆಂಗಳೂರಿನ ಇಂಥ ಸಮುಚ್ಚಯಗಳಲ್ಲಿ ದೇಶದ ಎಲ್ಲ ಕಡೆಯವರೂ ಇರುತ್ತಾರೆ. ನಾವು ಬಂದಾಗ ಸೂಚನಾ ಫಲಕ, ಊಟದ ಪಟ್ಟಿ, ಸಭೆಯ ನಡಾವಳಿ ಎಲ್ಲವೂ ಇಂಗ್ಲಿಷಿನಲ್ಲಿ ಮಾತ್ರ ಇದ್ದವು. ಹಳ್ಳಿಯಿಂದ ಬಂದ, ಕನ್ನಡ ಮಾತ್ರ ಬಲ್ಲ ಮೂವರು ಹಿರಿಯ ಹೆಂಗಸರು, ಅಂದು ಸಂಜೆ ಕಣ್ಣಿನ ತಪಾಸಣೆ ಇದೆಯೆಂದು ಗೊತ್ತಾಗದೆ ತಪ್ಪಿಸಿಕೊಂಡರು. ಆ ಘಟನೆಯನ್ನೇ ಮುಂದಿಟ್ಟುಕೊಂಡು ನಾವು ಕನ್ನಡದವರು ಒಟ್ಟಾಗಿ ಕೇಳಿದೆವು. ಕೆಲವು ತಿಂಗಳ ನಂತರ ಎರಡೂ ಭಾಷೆಯಲ್ಲಿ ಬರೆಯಲು ಆರಂಭಿಸಿದರು. ನರ್ಸ್‌ಗಳು ಹೆಚ್ಚಿನವರು ಕೇರಳದಿಂದ ಮತ್ತು ಈಶಾನ್ಯ ರಾಜ್ಯಗಳಿಂದ ಬಂದ ಹುಡುಗಿಯರು. ಸಂಜೆ ನಾಲ್ಕರಿಂದ ಐದರವರೆಗೆ ನಾನು ಅವರಿಗೆ ಕನ್ನಡ ಹೇಳಿಕೊಡುತ್ತೇನೆ. ಮೊದಲು ಕಲಿಸಿದ ವಾಕ್ಯ "ಎಲ್ಲಿ ನೋವಾಗ್ತಿದೆ?" ಎಂಬುದು. ನೋವಿನಲ್ಲಿ ಮನುಷ್ಯನಿಗೆ ಬಾಯಿಗೆ ಬರುವುದು ತಾಯ್ನುಡಿ. ಜುಮ್ಮೆನ್ನುವುದು, ಸೆಳೆಯುವುದು, ಉರಿಯುವುದು, ಚುಚ್ಚುವುದು, ಇವೆಲ್ಲ ಬೇರೆಬೇರೆ ಎಂದು ಆ ಹುಡುಗಿಯರಿಗೆ ಈಗ ಗೊತ್ತು. ಈ ಒಂದು ಗಂಟೆ ನನಗೆ ಮತ್ತೆ ಶಿಕ್ಷಕಿಯ ಕೆಲಸ ಕೊಟ್ಟಿದೆ.

ಮಕ್ಕಳ ಜೊತೆಗಿನ ಸಂಬಂಧ ಹಳಸುತ್ತದೆ ಎಂದು ಬಹಳ ಮಂದಿ ಎಚ್ಚರಿಸಿದ್ದರು. ನಮ್ಮ ವಿಷಯದಲ್ಲಿ ತದ್ವಿರುದ್ಧವಾಯಿತು. ಮಗ ಪುಣೆಯಲ್ಲಿದ್ದಾನೆ, ಮಗಳು ಅಮೆರಿಕದಲ್ಲಿ. ಮೊದಲು ಅವರ ಪ್ರತಿ ಫೋನ್ ಕರೆಯೂ ತನಿಖೆಯಂತಿರುತ್ತಿತ್ತು: ಮಾತ್ರೆ ತಗೊಂಡ್ರಾ, ಅಡುಗೆಯವರು ಬಂದರಾ, ಗ್ಯಾಸ್ ಆಫ್ ಮಾಡಿದ್ರಾ. ನಾವೂ ಅರ್ಧ ನಿಜ ಹೇಳಿ ಅರ್ಧ ಮುಚ್ಚಿಡುತ್ತಿದ್ದೆವು. ಈಗ ಮಗಳು ಫೋನ್ ಮಾಡಿದರೆ ಅರ್ಧ ಗಂಟೆ ಬೇರೆಯದೇ ಮಾತು. ಕಳೆದ ಡಿಸೆಂಬರಿನಲ್ಲಿ ಮೊಮ್ಮಗ ಬಂದು ಅತಿಥಿ ಕೊಠಡಿಯಲ್ಲಿ ಹತ್ತು ದಿನ ಇದ್ದ. ಆ ಹತ್ತು ದಿನವೂ ನಾನು ಅವನ ಜೊತೆ ಕೂತಿದ್ದೆ. ಅವನಿಗಾಗಿ ಒಲೆಯ ಮುಂದೆ ನಿಂತಿರಲಿಲ್ಲ. ಆದರೂ ಒಂದು ದಿನ ಅವನಿಗೆಂದು ನಮ್ಮ ಅಡುಗೆಕಟ್ಟೆಯಲ್ಲೇ ಚಕ್ಕುಲಿ ಕರಿದೆ, ಅದು ಇಷ್ಟಪಟ್ಟು ಮಾಡಿದ್ದು.

ಸಾವಿನ ವಿಚಾರವನ್ನು ಯಾವ ಮಾಹಿತಿ ಪುಸ್ತಿಕೆಯೂ ಹೇಳುವುದಿಲ್ಲ, ಆದ್ದರಿಂದ ನಾನು ಹೇಳಬೇಕು. ನೂರಾ ನಲವತ್ತು ಜನ ಹಿರಿಯರು ಒಟ್ಟಿಗೆ ಇರುವ ಕಡೆ ಸಾವು ಆಗಾಗ ಬರುತ್ತದೆ. ಯಾರಾದರೂ ಹೋದರೆ ಊಟದ ಮನೆಯ ಬಾಗಿಲಲ್ಲಿ ಅವರ ಭಾವಚಿತ್ರ ಇಟ್ಟು, ಒಂದು ಮೊಳ ಮಲ್ಲಿಗೆ ಹಾಕಿ, ದೀಪ ಹಚ್ಚುತ್ತಾರೆ. ಮೂರು ವರ್ಷದಲ್ಲಿ ನಮ್ಮ ಮೇಜಿನ ಇಬ್ಬರ ಚಿತ್ರಕ್ಕೆ ನಾನು ಹೂ ಹಾಕಿದ್ದೇನೆ. ನಿನ್ನೆ ಉಪ್ಪಿನಕಾಯಿ ಬಟ್ಟಲು ದಾಟಿಸಿದವರ ಕುರ್ಚಿ ಇವತ್ತು ಖಾಲಿ ಇರುವುದನ್ನು ನೋಡಿ ತುತ್ತು ಇಳಿಯದ ದಿನಗಳಿವೆ. ಆದರೆ ಗಂಡನನ್ನು ಕಳೆದುಕೊಂಡವರನ್ನು ಇಲ್ಲಿನವರು ನೋಡಿಕೊಳ್ಳುವ ರೀತಿ ಬೇರೆ. ಕರ್ಮಾಂತರ ಮುಗಿದು ಮಕ್ಕಳು ತಮ್ಮತಮ್ಮ ಊರಿಗೆ ಹೊರಟುಹೋದ ಮರುದಿನವೇ, ತಾವೂ ಆ ದಾರಿ ನಡೆದು ಬಂದ ನಾಲ್ಕು ಜನ ಹೋಗಿ ಅವರನ್ನು ಕೈಹಿಡಿದು ಊಟಕ್ಕೆ ಕರೆತರುತ್ತಾರೆ. ಬೀದಿಯ ಮನೆಗಳಲ್ಲಿ ಹದಿನಾಲ್ಕನೆಯ ದಿನದಿಂದ ಆರಂಭವಾಗುವ ಮೌನ ಇಲ್ಲಿ ಇಲ್ಲ. ಮರೆವಿನ ಕಾಯಿಲೆಯ ವಿಷಯದಲ್ಲಿ ಮಾತ್ರ ನನಗೆ ಸಮಾಧಾನವಿಲ್ಲ. ಮರೆವು ಹೆಚ್ಚಾಗಿ, ಒಬ್ಬರೇ ಇರಲಾರದ ಸ್ಥಿತಿಗೆ ಬಂದವರನ್ನು ಇಲ್ಲಿ ಉಳಿಸಿಕೊಳ್ಳುವುದಿಲ್ಲ, ಬೇರೆ ಆರೈಕೆ ಕೇಂದ್ರಕ್ಕೆ ಕಳಿಸುತ್ತಾರೆ. ಒಪ್ಪಂದದಲ್ಲಿ ಇದು ಒಂದು ಸಾಲಿನಲ್ಲಿ ಇತ್ತು; ಸಹಿ ಹಾಕುವಾಗ ನಾವು ಅದರ ಭಾರ ಅರಿತಿರಲಿಲ್ಲ. ಗೆಳತಿಯೊಬ್ಬರು ಹಾಗೆ ಹೊರಟಾಗ, ಎಲ್ಲಿಗೆ ಹೋಗುತ್ತಿದ್ದೇನೆಂದು ಅವರಿಗೆ ತಿಳಿಯದೆ, ನನ್ನ ಕೈಗೆ ಬೀಗದ ಕೈ ಕೊಟ್ಟು "ಸಂಜೆ ಬರ್ತೀನಿ" ಎಂದರು.

ಹಣದ ಲೆಕ್ಕ ಹೇಳದೆ ವಿಮರ್ಶೆ ಪೂರ್ತಿಯಾಗದು. ಇಂಥ ಕಡೆ ಮನೆಯನ್ನು ಕೊಳ್ಳಬಹುದು, ಠೇವಣಿ ಕೊಟ್ಟು ಲೀಸ್ ಪಡೆಯಬಹುದು, ಕೆಲವು ಕಡೆ ತಿಂಗಳ ಬಾಡಿಗೆಗೂ ಸಿಗುತ್ತದೆ. ನಾವು ಲೀಸ್ ತೆಗೆದುಕೊಂಡೆವು. ಒಂದು ಮಲಗುವ ಕೋಣೆಯ ಮನೆಗೆ ಠೇವಣಿ 25 ಲಕ್ಷ ರೂಪಾಯಿ. ನಿರ್ವಹಣೆ, ಇಬ್ಬರ ಊಟತಿಂಡಿ, ತೆರಿಗೆ ಎಲ್ಲ ಸೇರಿ ತಿಂಗಳಿಗೆ ಈಗ 56,000 ರೂಪಾಯಿ ಆಗುತ್ತದೆ. ಫಿಸಿಯೋಥೆರಪಿಗೆ ಬೇರೆ. ರಾಜಾಜಿನಗರದಲ್ಲಿ ದಿನಸಿ, ಅಡುಗೆಯವರು, ಮನೆಗೆಲಸ, ನೀರಿನ ಟ್ಯಾಂಕರ್, ರಿಪೇರಿ, ಬಿದ್ದ ಮೇಲೆ ಏಜೆನ್ಸಿಯಿಂದ ಕರೆಸಿಕೊಂಡ ರಾತ್ರಿಯ ಸಹಾಯಕ ಎಲ್ಲ ಕೂಡಿಸಿದರೆ ಐವತ್ತು ಸಾವಿರ ದಾಟುತ್ತಿತ್ತು. ಆ ಮನೆಯ ಬಾಡಿಗೆ, ಇಬ್ಬರ ಪಿಂಚಣಿ, ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಿಂದ ಮೂರು ತಿಂಗಳಿಗೊಮ್ಮೆ ಬರುವ ಬಡ್ಡಿ, ಇವುಗಳಿಂದ ನಮಗೆ ಸಾಗುತ್ತಿದೆ. ಆ ಯೋಜನೆಯಲ್ಲಿ ಒಬ್ಬರು ಇಡಬಹುದಾದ ಮಿತಿಯನ್ನು 2023ರಲ್ಲಿ 15 ಲಕ್ಷದಿಂದ 30 ಲಕ್ಷಕ್ಕೆ ಏರಿಸಿದ್ದು ನಮ್ಮಂಥವರಿಗೆ ನಿಜವಾಗಿ ಅನುಕೂಲವಾಯಿತು. ಪಿಂಚಣಿಯೂ ಇಲ್ಲದ, ನಗರದಲ್ಲಿ ಮನೆಯೂ ಇಲ್ಲದ ಬಹುಪಾಲು ಹಿರಿಯರಿಗೆ ಈ ದಾರಿ ತೆರೆದಿಲ್ಲ ಎಂಬುದನ್ನು ಬರೆಯುವಾಗ ಮನಸ್ಸಿಗೆ ಕಷ್ಟವಾಗುತ್ತದೆ. ನನ್ನ ಜೊತೆ ಅಡುಗೆಗೆ ನಿಲ್ಲುತ್ತಿದ್ದ ಹೆಂಗಸಿಗೂ ಈಗ ಅರವತ್ತೈದು.

ಒಪ್ಪಂದದ ಬಗ್ಗೆ ಮೂರು ಮಾತು ಹೇಳಲೇಬೇಕು. ನಿರ್ವಹಣಾ ಶುಲ್ಕ ವರ್ಷಕ್ಕೆ ಶೇಕಡಾ ಎಷ್ಟು ಏರುತ್ತದೆ ಎಂದು ಬರೆಸಿಕೊಳ್ಳಿ, ನಮ್ಮಲ್ಲಿ ಶೇ. 8, ಪಿಂಚಣಿ ಅಷ್ಟು ವೇಗವಾಗಿ ಏರುವುದಿಲ್ಲ. ದಂಪತಿಗಳಲ್ಲಿ ಒಬ್ಬರು ಹೋದರೆ ಶುಲ್ಕ ಎಷ್ಟು ಇಳಿಯುತ್ತದೆ, ಮನೆ ಬಿಟ್ಟ ಮೇಲೆ ಠೇವಣಿ ಎಷ್ಟು ತಿಂಗಳಿಗೆ ಕೈಗೆ ಬರುತ್ತದೆ, ಇವೂ ಕಾಗದದ ಮೇಲಿರಬೇಕು. ಕೊಳ್ಳುವವರು ಯೋಜನೆ ರೇರಾದಲ್ಲಿ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ, ನೋಂದಣಿಯಾಗಿದೆಯೇ ಎಂದು ಕರ್ನಾಟಕ ರೇರಾ ಜಾಲತಾಣದಲ್ಲಿ ನೋಡಿಕೊಳ್ಳಬಹುದು. ಆದರೆ ರೇರಾ ನೋಡುವುದು ಕಟ್ಟಡವನ್ನು ಮತ್ತು ಮಾರಾಟವನ್ನು. ರಾತ್ರಿ ನರ್ಸ್ ಇರುತ್ತಾರೆಯೇ ಎಂಬುದು ನಿಮ್ಮ ಒಪ್ಪಂದದಲ್ಲಿ ಬರೆದಿದ್ದರೆ ಮಾತ್ರ ನಿಮ್ಮ ಹಕ್ಕು. ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2019ರಲ್ಲಿ ನಿವೃತ್ತರ ವಸತಿಗಳಿಗಾಗಿ ಮಾದರಿ ಮಾರ್ಗಸೂಚಿಗಳನ್ನು ಹೊರಡಿಸಿದೆ; ಅವನ್ನು ಒಮ್ಮೆ ಓದಿ, ಕೈಯಲ್ಲಿ ಹಿಡಿದು ಹೋಗಿ ಪ್ರಶ್ನೆ ಕೇಳಿ. ಇನ್ನೊಂದು ಮಾತು: ಇಲ್ಲಿಗೆ ಬರುವ ಭರದಲ್ಲಿ ಹಳೆಯ ಮನೆಯನ್ನು ಮಕ್ಕಳ ಹೆಸರಿಗೆ ದಾನಪತ್ರ ಮಾಡಿಬಿಡಬೇಡಿ. ನೋಡಿಕೊಳ್ಳುತ್ತೇವೆಂಬ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದಲ್ಲಿ ರದ್ದುಪಡಿಸಿಕೊಳ್ಳಲು 2007ರ ಕಾಯ್ದೆಯ 23ನೆಯ ಕಲಂ ದಾರಿ ಕೊಡುತ್ತದೆ, ನಿಜ. ಆದರೆ ಆ ವಯಸ್ಸಿನಲ್ಲಿ ಮಕ್ಕಳ ವಿರುದ್ಧ ಅರ್ಜಿ ಹಿಡಿದು ನಿಲ್ಲುವ ಪರಿಸ್ಥಿತಿಯೇ ಬರಬಾರದು.

ಸ್ವಂತ ಕೈತೋಟ, ದನಕರು, ಊರಿನ ಜನ ಸುತ್ತ ಇದ್ದು, ಕರೆದರೆ ಓಗೊಡುವವರು ಇರುವವರಿಗೆ ಇದು ಬೇಡ. ನನ್ನ ಅಕ್ಕ ತೀರ್ಥಹಳ್ಳಿಯ ಕಡೆ ಹಾಗೆ ಇದ್ದಾರೆ, ಅವರನ್ನು ಇಲ್ಲಿಗೆ ಕರೆಯುವ ಮಾತನ್ನು ನಾನು ಆಡುವುದಿಲ್ಲ. ನಗರದ ಮನೆಯಲ್ಲಿ ಇಬ್ಬರೇ ಉಳಿದು, ಬಾಗಿಲ ಸದ್ದಿಗೆ ಕಾಯುತ್ತಿರುವವರು ಯೋಚಿಸಬೇಕು, ಅದೂ ಇಬ್ಬರೂ ತಮ್ಮ ಕಾಲ ಮೇಲೆ ನಡೆಯುತ್ತಿರುವಾಗಲೇ. ಹೆಚ್ಚಿನ ಕಡೆ ವಾರವೋ ಹದಿನೈದು ದಿನವೋ ಇದ್ದು ನೋಡಲು ಕೊಠಡಿ ಕೊಡುತ್ತಾರೆ. ಜಾಹೀರಾತಿನವರು ಡಿಸೆಂಬರಿನಲ್ಲಿ ಬನ್ನಿ ಎನ್ನುತ್ತಾರೆ, ಆಗ ತೋಟದ ತುಂಬ ಹೂವು. ನೀವು ಜುಲೈ ಅಥವಾ ಆಗಸ್ಟಿನಲ್ಲಿ ಹೋಗಿ. ಜಡಿಮಳೆ ಹಿಡಿದ ದಿನ ಮನೆಯಿಂದ ಊಟದ ಮನೆಯವರೆಗೆ ನೆನೆಯದೆ, ಜಾರದೆ ನಡೆದು ಹೋಗಬಹುದೇ ನೋಡಿ. ಕರೆಂಟು ಹೋದರೆ ಲಿಫ್ಟ್ ಎಷ್ಟು ಹೊತ್ತಿಗೆ ಮತ್ತೆ ಏಳುತ್ತದೆ, ಎಣಿಸಿ. ರಾತ್ರಿ ಎರಡು ಗಂಟೆಗೆ ಒಮ್ಮೆ ಎದ್ದು ಆ ಕೆಂಪು ಹಗ್ಗ ಎಳೆಯಿರಿ. ಬಂದವರಿಗೆ ನಮಸ್ಕಾರ ಹೇಳಿ, ಪರೀಕ್ಷೆಗೆಂದು ಎಳೆದೆ ಎಂದು ತಿಳಿಸಿ. ನಮ್ಮಲ್ಲಿ ಹಾಗೆ ಎಳೆದವರನ್ನು ಯಾರೂ ಗದರಿಲ್ಲ.